ಐಸ್ ಮುಗಿದರೆ ಬೋಟ್ ವಾಪಸ್: ಪೋಕರ್ ಮೇಜಿನಿಂದ ಯಾವಾಗ ಏಳಬೇಕು

ಮೊದಲು ಒಂದು ಸಣ್ಣ ಕೆಲಸ ಮಾಡಿ. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ನಾಣ್ಯವನ್ನು 20 ಸಲ ಚಿಮ್ಮಿದರೆ ಹೇಗೆ ಬೀಳಬಹುದು ಅಂತ ಸುಮ್ನೆ ಮನಸ್ಸಿನಲ್ಲೇ ಊಹಿಸಿ ಹೆಡ್, ಟೇಲ್ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ನಿಜವಾಗಿ ಒಂದು ಐದು ರೂಪಾಯಿ ನಾಣ್ಯವನ್ನು 20 ಸಲ ಚಿಮ್ಮಿ, ಬಿದ್ದದ್ದನ್ನು ಬಿದ್ದ ಹಾಗೆ ಕೆಳಗಿನ ಸಾಲಿನಲ್ಲಿ ಬರೆಯಿರಿ. ಈಗ ಎರಡು ಸಾಲನ್ನೂ ನೋಡಿ. ಊಹಿಸಿ ಬರೆದ ಸಾಲಿನಲ್ಲಿ ಒಂದೇ ಬದಿಯನ್ನು ನಾಲ್ಕು ಸಲ ಸಾಲಾಗಿ ಹಾಕಲು ಹೆಚ್ಚಿನವರಿಗೆ ಧೈರ್ಯ ಬರುವುದಿಲ್ಲ. ನಿಜವಾದ ನಾಣ್ಯದ ಸಾಲಿನಲ್ಲಿ ಹಾಗೆ ನಾಲ್ಕು ಅಥವಾ ಜಾಸ್ತಿ ಸಲ ಒಂದೇ ಬದಿ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 77. ಐದು ಸಲ ಬೀಳುವ ಸಾಧ್ಯತೆಯೇ 46ರ ಹತ್ತಿರ ಇದೆ.

ಪೋಕರ್ ಮೇಜಿನಲ್ಲಿ "ಇವತ್ತು ನನ್ನ ಕೈ ನಡೀತಾ ಉಂಟು" ಅಂತ ಅನಿಸುವುದು, "ಇವತ್ತು ಒಂದು ಎಲೆಯೂ ಬೀಳ್ತಾ ಇಲ್ಲ ಮಾರಾಯ" ಅಂತ ಅನಿಸುವುದು, ಎರಡೂ ಈ ಹಾಳೆಯಲ್ಲೇ ಇವೆ. ಏನೂ ಕಾರಣ ಇಲ್ಲದೆ ಸಾಲಾಗಿ ಗೆಲುವು ಬರುತ್ತದೆ, ಸಾಲಾಗಿ ಸೋಲೂ ಬರುತ್ತದೆ. ಆ ಸಾಲು ಮುಂದಿನ ಎಲೆಯ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಆಡುವ ನಮ್ಮನ್ನು ಅದು ಬದಲಾಯಿಸುತ್ತದೆ, ಅದೂ ನಮಗೆ ಗೊತ್ತಾಗದ ಹಾಗೆ. ಯಾವಾಗ ಏಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಾವು ಏಳು ಜನ ಇದ್ದೇವೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಾತ್ರಿ ಮಂಗಳೂರಿನ ಬಿಜೈಯಲ್ಲಿ ಒಬ್ಬನ ಫ್ಲ್ಯಾಟಿನಲ್ಲಿ ಸೇರುತ್ತೇವೆ. ನಮ್ಮಲ್ಲಿ ಇಬ್ಬರು ಬ್ಯಾಂಕಿನವರು, ಅವರಿಗೆ ಆ ದಿನ ರಜೆ. 500 ರೂಪಾಯಿಯ ಚಿಪ್ಸ್ ತೆಗೆದುಕೊಂಡು ಕೂರುತ್ತೇವೆ. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಹಂಚಿ, ಎಲ್ಲರಿಗೂ ಸೇರಿದ ಐದು ಎಲೆ ಮಧ್ಯೆ ತೆರೆಯುವ ಆಟ ಇದು. ಹಾಗೆ ಒಂದು ಸಲ ಹಂಚಿ ಆಡುವುದೇ ಒಂದು ಕೈ. ಒಂದು ಜುಲೈ ರಾತ್ರಿ, ಹೊರಗೆ ಜೋರು ಮಳೆ, ನನ್ನ ಕೈಗೆ ಎರಡು ಎಕ್ಕ ಬಂದವು. ಎರಡು ಎಕ್ಕ ಬರುವುದು 221 ಕೈಗೆ ಒಮ್ಮೆ. ಎದುರಿನವನ ಹತ್ತಿರ ಎರಡು ರಾಜ. ಫ್ಲಾಪ್, ಅಂದರೆ ಮಧ್ಯದ ಮೊದಲ ಮೂರು ಎಲೆ, ಬೀಳುವ ಮೊದಲೇ ಇಬ್ಬರೂ ಆಲ್-ಇನ್, ಎದುರಿಗಿದ್ದ ಚಿಪ್ಸ್ ಎಲ್ಲ ಕಟ್ಟಿಬಿಟ್ಟೆವು. ಇಂಥ ಜಾಗದಲ್ಲಿ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಕೊನೆಯ ಎಲೆಯಾಗಿ ಮೂರನೇ ರಾಜ ಬಿತ್ತು. 500 ಹೋಯಿತು.

ಆಮೇಲೆ ನಾನು ಮೂರು ಸಲ ಮತ್ತೆ ಚಿಪ್ಸ್ ತೆಗೆದುಕೊಂಡೆ. ಬೇರೆ ದಿನ ನೋಡಿದ ಕೂಡಲೇ ಬಿಸಾಡುವ ಎಲೆಗಳನ್ನು ಹಿಡಿದುಕೊಂಡೆ. ಆ ರಾಜ ಹಿಡಿದಿದ್ದವನು ರೈಸ್ ಮಾಡಿದಾಗಲೆಲ್ಲ, ಅಂದರೆ ಪಣ ಏರಿಸಿದಾಗಲೆಲ್ಲ, ನಾನೂ ಹೋದೆ, ಅವನಿಂದಲೇ ವಾಪಸ್ ತೆಗೆಯಬೇಕು ಅಂತ ಹಠ. ಬೆಳಗಿನ ಮೂರು ಗಂಟೆಗೆ ಎದ್ದಾಗ 2000 ಹೋಗಿತ್ತು. ಎಷ್ಟೋ ದಿನ ನಾನು ಆ ರಾತ್ರಿಯನ್ನು ದುರದೃಷ್ಟದ ರಾತ್ರಿ ಅಂತಲೇ ಹೇಳಿಕೊಂಡು ಬಂದೆ. ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ದುರದೃಷ್ಟ ತಿಂದದ್ದು 500 ಮಾತ್ರ. ಉಳಿದ 1500 ನಾನಾಗಿ ಕೊಟ್ಟದ್ದು.

ಐಸ್ ಲೆಕ್ಕ

ನನ್ನ ಸೋದರಮಾವ ಮಲ್ಪೆಯಲ್ಲಿ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವರು. ಆಳ ಸಮುದ್ರಕ್ಕೆ ಹೊರಟರೆ ಎಂಟು-ಹತ್ತು ದಿನ. ಹೊರಡುವ ಮೊದಲು ಡೀಸೆಲ್, ರೇಷನ್, ಐಸ್ ತುಂಬಿಸುತ್ತಾರೆ. ಐಸ್ ಮುಗಿಯುತ್ತಾ ಬಂದರೆ ಬೋಟ್ ವಾಪಸ್. ಬಲೆಗೆ ಬೊಂಡಾಸ್ (ಸ್ಕ್ವಿಡ್) ರಾಶಿ ಬೀಳುತ್ತಾ ಇದ್ದರೂ ವಾಪಸ್, ಯಾಕೆಂದರೆ ಐಸ್ ಇಲ್ಲದೆ ಹಿಡಿದ ಮೀನು ಬಂದರಿಗೆ ಬರುವಾಗ ಹಾಳಾಗಿರುತ್ತದೆ. ಏನೂ ಸಿಗದಿದ್ದರೂ ವಾಪಸ್, ಯಾಕೆಂದರೆ "ಇನ್ನೊಂದು ದಿನ ನೋಡುವ" ಅಂತ ಹೋದರೆ ಡೀಸೆಲ್ ಸಾಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ವರ್ಷ ಮತ್ಸ್ಯಕ್ಷಾಮ ಇತ್ತು ಅಂತ ಯಾರೂ ತಾರೀಕು ಮುಂದೆ ಹಾಕುವುದಿಲ್ಲ.

ಮಾವ ಇಸ್ಪೀಟ್ ಆಡುವವರಲ್ಲ. ಆದರೆ ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ನಾನು ಅವರಿಂದ ಕಲಿತೆ. ಎಷ್ಟು ಐಸ್ ಅಂತ ತೀರ್ಮಾನ ಆಗುವುದು ಬಂದರಿನ ದಕ್ಕೆಯಲ್ಲಿ, ನೆಲದ ಮೇಲೆ, ತಲೆ ತಣ್ಣಗಿರುವಾಗ. ಕಡಲಿನ ಮಧ್ಯೆ ಹೋಗಿ ಆ ಲೆಕ್ಕ ಹಾಕುವುದಿಲ್ಲ.

ಹಾಗೆ ನೀವೂ ಮನೆಯಿಂದ ಹೊರಡುವ ಮೊದಲೇ ಎರಡು ವಿಷಯ ನಿರ್ಧಾರ ಮಾಡಿ. ಒಂದು, ದುಡ್ಡು. ಎಷ್ಟು ಹೋದರೆ ಎದ್ದು ಬರುತ್ತೀರಿ? ನನ್ನ ಲೆಕ್ಕ ಎರಡು ಬೈ-ಇನ್, ಅಂದರೆ ಎರಡು ಸಲ ಚಿಪ್ಸ್ ತೆಗೆಯುವ 1000. ಅಷ್ಟೇ ನೋಟು ಜೇಬಿನಲ್ಲಿ ಇರಲಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಚಿಪ್ಸ್ ಕೊಡುವುದಿಲ್ಲ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಸೇರಿ ಮಾಡಿದ ನಿಯಮ ಉಂಟು, ಇದೊಂದೇ ನಿಯಮದಿಂದ ಆದ ಉಪಕಾರ ನನ್ನ ಬೇರೆ ಎಲ್ಲ ಶಿಸ್ತಿನಿಂದ ಆದದ್ದಕ್ಕಿಂತ ಜಾಸ್ತಿ. ಸಾಲ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಎರಡು, ಸಮಯ. ನನ್ನದು ರಾತ್ರಿ 12:30. ಗೆದ್ದಿರಲಿ, ಸೋತಿರಲಿ.

ಈ ಸಮಯವನ್ನು ಕೂರುವಾಗಲೇ ಎಲ್ಲರಿಗೂ ಹೇಳಿಬಿಡಿ. ಇದು ಬಹಳ ಮುಖ್ಯ. ಹೇಳದೆ ಇದ್ದು, ಗೆದ್ದ ಮೇಲೆ ಎದ್ದರೆ "ಗೆದ್ದದ್ದು ಕಟ್ಟಿಕೊಂಡು ಓಡಿದ" ಅಂತ ಬೇಜಾರಾಗುತ್ತದೆ, ಆ ಬೇಜಾರಿಗೆ ಹೆದರಿ ಎಷ್ಟೋ ಜನ ಕೂತೇ ಇರುತ್ತಾರೆ. ಸೋತ ಮೇಲೆ ಎದ್ದರೆ "ಕೂತ್ಕೊ ಮಾರಾಯ, ಈಗ ಬರ್ತದೆ" ಅಂತ ಪ್ರೀತಿಯಿಂದಲೇ ಎಳೆದು ಕೂರಿಸುತ್ತಾರೆ. ಒಂಬತ್ತು ಗಂಟೆಗೇ "ನಾನು ಹನ್ನೆರಡೂವರೆಗೆ ಹೊರಡುವವ" ಅಂತ ಹೇಳಿದ್ದರೆ ಎರಡೂ ಬರುವುದಿಲ್ಲ. ಹನ್ನೆರಡೂಕಾಲಕ್ಕೆ "ಇದು ನನ್ನ ಕೊನೆಯ ಸುತ್ತು" ಅನ್ನಿ, ಎಲೆ ಹಂಚುವ ಸರದಿ ಒಂದು ಸುತ್ತು ಬಂದಾಗ ಚಿಪ್ಸ್ ಎಣಿಸಿ ಕೊಡಿ. ಕೊನೆಯ ಸುತ್ತಿನಲ್ಲಿ ಎಲೆ ಚೆನ್ನಾಗಿ ಬಿದ್ದರೂ ಇನ್ನೊಂದು ಸುತ್ತು ಬೇಡ.

ಇಷ್ಟು ಗೆದ್ದರೆ ಏಳಬೇಕು ಅಂತ ಮಿತಿ ಬೇಡವಾ?

ತುಂಬ ಜನ ಇದನ್ನೇ ಮೊದಲು ಹೇಳಿಕೊಡುತ್ತಾರೆ: ಒಂದು ಸಾವಿರ ಗೆದ್ದ ಕೂಡಲೇ ಏಳು, ಅದೃಷ್ಟ ತಿರುಗುವ ಮೊದಲೇ ಏಳು. ನನಗೆ ಇದು ಒಪ್ಪಿಗೆ ಇಲ್ಲ. ಅದೃಷ್ಟ ತಿರುಗಲು ಅದು ಒಂದು ಕಡೆ ಮುಖ ಮಾಡಿ ನಿಂತಿರಬೇಕಲ್ವಾ? ಎಲೆ ಸರಿಯಾಗಿ ಕಲಸಿದ ಮೇಲೆ ಹಿಂದಿನ ಆಟದ ಯಾವ ಗುರುತೂ ಅದರಲ್ಲಿ ಉಳಿಯುವುದಿಲ್ಲ.

ಈ ಸಲಹೆಯಿಂದ ಆಗುವ ನಿಜವಾದ ಹಾನಿ ಬೇರೆ ಉಂಟು. ಗೆದ್ದ ದಿನ ಒಂದೂವರೆ ಗಂಟೆ ಆಡಿ ಎದ್ದು ಹೋಗುತ್ತೀರಿ. ಸೋತ ದಿನ ಅದನ್ನು ವಾಪಸ್ ಪಡೆಯಲು ಆರು ಗಂಟೆ ಕೂರುತ್ತೀರಿ. ಅಂದರೆ ಮನಸ್ಸು ಹಗುರವಾಗಿ, ಚೆನ್ನಾಗಿ ಆಡುವ ದಿನ ಕಡಿಮೆ ಹೊತ್ತು, ಸುಸ್ತಾಗಿ, ಸಿಟ್ಟಿನಲ್ಲಿ, ಕೆಟ್ಟದಾಗಿ ಆಡುವ ದಿನ ಜಾಸ್ತಿ ಹೊತ್ತು. ವರ್ಷದ ಲೆಕ್ಕ ಹಾಕಿದರೆ ದುಡ್ಡು ಹೋಗುವುದು ಇಲ್ಲೇ.

ಗೆದ್ದಾಗ ಏಳಬೇಕಾದ ಒಂದು ಸಂದರ್ಭ ಮಾತ್ರ ಉಂಟು. ಪೋಕರಿನಲ್ಲಿ ಗೆದ್ದ ಚಿಪ್ಸನ್ನು ಆಟದ ಮಧ್ಯೆ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಅದು ಮೇಜಿನ ಮೇಲೇ ಇರಬೇಕು. ಎದುರಿಗೆ 3000 ಸೇರಿತು, ಎದುರು ಕೂತವನ ಹತ್ತಿರವೂ ಅಷ್ಟೇ ಉಂಟು ಅಂದುಕೊಳ್ಳಿ. ಒಂದೇ ಕೈಯಲ್ಲಿ ಅಷ್ಟೂ ಹೋಗಬಹುದು. ಆ ಯೋಚನೆಗೇ ಹೊಟ್ಟೆಯಲ್ಲಿ ತಳಮಳ ಆಗಿ, ಒಳ್ಳೆ ಎಲೆ ಇದ್ದರೂ ಹೆದರಿ ಫೋಲ್ಡ್ ಮಾಡಲು, ಅಂದರೆ ಎಲೆ ಬಿಸಾಡಲು, ಶುರು ಮಾಡಿದರೆ ಏಳಿ. ಏಳಲು ಅದೃಷ್ಟ ಕಾರಣ ಆಗಬೇಕಿಲ್ಲ, ಆ ಮೊತ್ತಕ್ಕೆ ನೀವು ಆಡುವವರಲ್ಲ ಅನ್ನುವುದೇ ಸಾಕು.

ಮೇಜು ಬದಲಾದರೂ ಏಳಬೇಕು. ಹನ್ನೊಂದು ಗಂಟೆಗೆ ಏಳು ಜನ ಇದ್ದಲ್ಲಿ ಒಂದು ಗಂಟೆಗೆ ಮೂವರು ಉಳಿದಿರುತ್ತಾರೆ, ಉಳಿದವರು ನಿಮಗಿಂತ ಚೆನ್ನಾಗಿ ಆಡುವವರು. ಜನ ಕಡಿಮೆಯಾದಷ್ಟೂ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯಲ್ಲಿ ಕಟ್ಟಬೇಕಾದ ಪಣ, ಬೇಗ ಬೇಗ ನಿಮ್ಮ ಹತ್ತಿರ ಬರುತ್ತದೆ, ಸಾಧಾರಣ ಎಲೆಯಲ್ಲೂ ಆಡಬೇಕಾಗುತ್ತದೆ. ಅದು ಬೇರೆಯೇ ಆಟ. ಅದರಲ್ಲಿ ಅಭ್ಯಾಸ ಇಲ್ಲದಿದ್ದರೆ ಮನೆಗೆ ಹೋಗುವುದು ಒಳ್ಳೆಯದು.

ಒಂದು ರಾತ್ರಿ ಅಂದರೆ ಎಷ್ಟು ಸಣ್ಣದು

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. 100 ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದು) ಗೆಲ್ಲುವವನು ಒಳ್ಳೆಯ ಆಟಗಾರ. ಆದರೆ ಅದೇ 100 ಕೈಯಲ್ಲಿ ಅದೃಷ್ಟದಿಂದ ಆಗುವ ಏರಿಳಿತ ಸಾಮಾನ್ಯವಾಗಿ 80ರಿಂದ 100 ಬ್ಲೈಂಡ್‌ನಷ್ಟು ಇರುತ್ತದೆ. ಆಟದ ಜಾಣ್ಮೆಯಿಂದ ಸಿಗುವುದು 5, ಎಲೆ ಎತ್ತಿ ಬಿಸಾಡುವುದು 90. ನಾವು ಮನೆಯಲ್ಲಿ ನಾವೇ ಎಲೆ ಹಂಚಿ ಆಡುವಾಗ ಒಂದು ರಾತ್ರಿಗೆ ಹತ್ತಿರ ಹತ್ತಿರ 100 ಕೈ ಆಗುತ್ತದೆ. ಹಾಗಾಗಿ ಒಂದು ರಾತ್ರಿ ಸೋತೆ ಅಂದ ಮಾತ್ರಕ್ಕೆ ಕೆಟ್ಟದಾಗಿ ಆಡಿದೆ ಅಂತಲೂ ಅಲ್ಲ, ಗೆದ್ದೆ ಅಂದ ಮಾತ್ರಕ್ಕೆ ಆಟ ಬರುತ್ತದೆ ಅಂತಲೂ ಅಲ್ಲ. ಅದೇ ಒಳ್ಳೆಯ ಆಟಗಾರ 10,000 ಕೈ ಆಡಿದ ಮೇಲೂ ನಷ್ಟದಲ್ಲೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ತಿಂಗಳಿಗೆ ಎರಡು ಶನಿವಾರದ ಲೆಕ್ಕದಲ್ಲಿ 10,000 ಕೈಗೆ ನಮಗೆ ನಾಲ್ಕು ವರ್ಷ ಬೇಕು.

ಇದು ಗೊತ್ತಾದ ಮೇಲೆ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಇವತ್ತೇ ಸರಿ ಮಾಡಿಕೊಳ್ಳಬೇಕು ಅನ್ನುವ ಅವಸರ ಹೋಯಿತು. ಇವತ್ತಿನ ಸೋಲು ಇವತ್ತೇ ಮುಗಿಯಬೇಕು ಅಂತ ಎಲ್ಲಿಯೂ ಇಲ್ಲ. ಮುಂದಿನ ನಾಲ್ಕನೇ ಶನಿವಾರ ಆಡುವ ಮೊದಲ ಕೈ, ಇವತ್ತು ರಾತ್ರಿ ಒಂದು ಗಂಟೆಗೆ ಆಡುವ ಕೈಯ ಮುಂದುವರಿಕೆಯೇ. ಮಧ್ಯೆ ನಿದ್ರೆ ಮಾಡಿ ಬಂದಿರುತ್ತೀರಿ ಅಷ್ಟೆ.

"ಇಷ್ಟು ಸೋತೆ, ಇನ್ನು ಬರಲೇಬೇಕು" ಅನ್ನುವುದೂ ಹಳೆಯ ರೋಗ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಚೆಂಡು ಸಾಲಾಗಿ 26 ಸಲ ಕಪ್ಪಿನ ಮೇಲೇ ಬಿತ್ತು. ಇನ್ನು ಕೆಂಪು ಬಂದೇ ಬರುತ್ತದೆ ಅಂತ ಜನ ಸಲ ಸಲವೂ ಜಾಸ್ತಿ ಜಾಸ್ತಿ ಕಟ್ಟುತ್ತಾ ಹೋಗಿ ದೊಡ್ಡ ಮೊತ್ತ ಕಳೆದುಕೊಂಡರು.

ಒಂದು ಮಾತು ಎಲೆ ಕಲಸುವ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಮ್ಮ ಮನೆ ಆಟಗಳಲ್ಲಿ ನಿಜವಾಗಿಯೂ ಎಲೆ ಗುಂಪಾಗಿ ಬರುವುದು ಉಂಟು. ಕಟ್ಟನ್ನು ಎರಡು ಭಾಗ ಮಾಡಿ ಹೆಬ್ಬೆರಳಿನಿಂದ ಚರ್ ಅಂತ ಒಂದರೊಳಗೆ ಒಂದು ಸೇರಿಸುವ ವಿಧಾನದಲ್ಲಿ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು 7 ಸಲ ಬೇಕು ಅಂತ ಪರ್ಸಿ ಡಯಾಕೊನಿಸ್ ಮತ್ತು ಡೇವ್ ಬೇಯರ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ನಾವು ಹೆಚ್ಚಾಗಿ ಮಾಡುವುದು ಕಟ್ಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ಎತ್ತಿ ಎತ್ತಿ ಹಾಕುವುದು, ಅದರಲ್ಲಿ ಎಲೆಗಳು ಬೇಗ ಬೆರೆಯುವುದೇ ಇಲ್ಲ. ಅದರ ಮೇಲೆ ನಮ್ಮ ಮಳೆಗಾಲ. ಜೂನ್ ಬಂತೆಂದರೆ ಕಾಗದದ ಎಲೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಹಿಂದಿನ ಕೈಯ ಗುಂಪಿನಲ್ಲೇ ಹೊರಗೆ ಬರುತ್ತವೆ. ಪ್ಲಾಸ್ಟಿಕ್ ಎಲೆ ತನ್ನಿ. ಎಲ್ಲ ಎಲೆಗಳನ್ನು ಮೇಜಿನ ಮೇಲೆ ಮಗುಚಿ ಹರಡಿ ಎರಡೂ ಕೈಯಿಂದ ಒಂದು ನಿಮಿಷ ತಿರುವಿ ಕಲಸಿ.

ನಿಮ್ಮನ್ನು ನೀವು ನೋಡಿಕೊಳ್ಳುವುದು

ದುಡ್ಡು ಉಳಿದಿದೆ, ಸಮಯವೂ ಉಂಟು, ಆದರೂ ಏಳಬೇಕಾದ ಹೊತ್ತು ಬರಬಹುದು. ಸಿಟ್ಟಿನಲ್ಲೋ ಉಮೇದಿನಲ್ಲೋ ಲೆಕ್ಕ ತಪ್ಪಿ ಆಡುವ ಹೊತ್ತು ಅದು. ಪೋಕರ್ ಆಡುವವರು ಇದನ್ನು ಟಿಲ್ಟ್ ಅನ್ನುತ್ತಾರೆ. ಬೇರೆಯವರು ಟಿಲ್ಟ್ ಆಗಿದ್ದು ಕೂಡಲೇ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ನನ್ನಲ್ಲಿ ಅದು ಹೇಗೆ ಬರುತ್ತದೆ ಅಂತ ಕಂಡುಹಿಡಿಯಲು ನನಗೆ ಎರಡು ವರ್ಷ ಹಿಡಿಯಿತು. ಫೋಲ್ಡ್ ಮಾಡಿದ ಮೇಲೂ "ನಾನು ಇದ್ದಿದ್ದರೆ ನನ್ನ ಎಲೆ ಬರ್ತಿತ್ತು" ಅಂತ ಜೋರಾಗಿ ಹೇಳಲು ಶುರು ಮಾಡುತ್ತೇನೆ. ಎದುರಿನವರ ಮುಖ ನೋಡುವುದು ಬಿಟ್ಟು ನನ್ನ ಚಿಪ್ಸನ್ನೇ ಎಣಿಸುತ್ತಾ ಇರುತ್ತೇನೆ. ನನ್ನ ಎರಡು ಎಲೆ, ಫ್ಲಾಪ್‌ನ ಮೂರು ಎಲೆ ಸೇರಿ ನಾಲ್ಕು ಆಟೀನ್ ಆಗಿದ್ದರೆ, ಕೈ ಬಲವಾಗಲು ಬೇಕಾದ ಐದನೆಯದು ಬಂದೇ ಬರುತ್ತದೆ ಅಂತ ಎಷ್ಟು ಕೇಳಿದರೂ ಕೊಡುತ್ತೇನೆ. ಇನ್ನು ಬರಬೇಕಾದ ಎರಡು ಎಲೆಗಳಲ್ಲಿ ಅದು ಬರುವುದು ನೂರಕ್ಕೆ 35, ಒಂದೇ ಎಲೆ ಬಾಕಿ ಇದ್ದರೆ 20ಕ್ಕೂ ಸ್ವಲ್ಪ ಕಡಿಮೆ. ತಣ್ಣಗಿರುವಾಗ ಇದು ನನಗೆ ಬಾಯಿಪಾಠ, ಟಿಲ್ಟ್‌ನಲ್ಲಿ ಅದೇ ಲೆಕ್ಕ ಮರೆತು ಹೋಗುತ್ತದೆ.

ಗೆಲ್ಲುವಾಗಲೂ ಟಿಲ್ಟ್ ಆಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಮೂರು ಕೈ ಸಾಲಾಗಿ ಗೆದ್ದ ಮೇಲೆ ಏಳು-ಎರಡರಂಥ ಕೆಟ್ಟ ಎಲೆ ಹಿಡಿದುಕೊಂಡೂ ಹೋಗಬಹುದು ಅಂತ ಅನಿಸುತ್ತದೆ. ಏಳು ಜನರ ಮೇಜಿನಲ್ಲಿ ನೂರಕ್ಕೆ ಇಪ್ಪತ್ತು-ಇಪ್ಪತ್ತೈದು ಕೈ ಆಡುವವನು ಅರ್ಧಕ್ಕರ್ಧ ಕೈ ಆಡಲು ಶುರು ಮಾಡಿದರೆ, ಗೆಲ್ಲುತ್ತಾ ಇದ್ದರೂ ಅದು ಏಳುವ ಸೂಚನೆ.

ಇಂಥದ್ದು ಒಂದು ಕಂಡರೆ ಎದ್ದು ಹದಿನೈದು ನಿಮಿಷ ಹೊರಗೆ ನಿಲ್ಲಿ. ಮುಖ ತೊಳೆಯಿರಿ, ನೀರು ಕುಡಿಯಿರಿ. ಬಾಲ್ಕನಿಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಈಗಷ್ಟೇ ಮನೆಯಿಂದ ಬಂದವನಾಗಿದ್ದರೆ, ಈ ಮೇಜಿನಲ್ಲಿ, ಈ ಜನರ ಜೊತೆ, ಈ ಹೊತ್ತಿನಲ್ಲಿ ಹೊಸದಾಗಿ 500 ಕೊಟ್ಟು ಕೂರುತ್ತಿದ್ದೆನಾ? ಇಲ್ಲ ಅಂತ ಬಂದರೆ ಒಳಗೆ ಹೋಗಿ ಚಿಪ್ಸ್ ಎಣಿಸಿ ಕೊಟ್ಟು ಬನ್ನಿ. "ಹೌದು, ಆದರೆ ಹೋದದ್ದು ವಾಪಸ್ ಬರಬೇಕು" ಅಂತ ಬಂದರೂ ಅದು ಇಲ್ಲ ಅಂತಲೇ.

ವಾಪಸ್ ಬರಬೇಕು ಅನ್ನುವ ಈ ಸೆಳೆತದ ಬಗ್ಗೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದಾರೆ, ಆದ ನಷ್ಟವನ್ನು ಮನಸ್ಸು ಒಪ್ಪಿಕೊಳ್ಳದವನು ಬೇರೆ ಹೊತ್ತಿನಲ್ಲಿ ಮುಟ್ಟದಂಥ ಅಪಾಯಕ್ಕೂ ಕೈ ಹಾಕುತ್ತಾನೆ ಅಂತ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಧರ್ಮರಾಯನ ಜೂಜು ಹೊಸದಲ್ಲ. ಎಲ್ಲರೂ ಮಾತಾಡುವುದು ಮೊದಲನೆಯ ಆಟದ ಬಗ್ಗೆ, ಶಕುನಿಯ ದಾಳದ ಬಗ್ಗೆ. ನನಗೆ ಕಾಡುವುದು ಎರಡನೆಯದು. ದ್ರೌಪದಿ ಪಡೆದ ವರದಿಂದ ಪಾಂಡವರಿಗೆ ಬಿಡುಗಡೆ ಆಗಿತ್ತು, ಧೃತರಾಷ್ಟ್ರನ ಮಾತಿನಿಂದ ಸೋತದ್ದೆಲ್ಲ ವಾಪಸ್ ಬಂದಿತ್ತು. ರಾಜ್ಯ, ತಮ್ಮಂದಿರು, ಎಲ್ಲ. ಊರಿನ ದಾರಿ ಹಿಡಿದಾಗಿತ್ತು. ಮತ್ತೆ ಕರೆ ಬಂತು, ಮತ್ತೆ ಹೋಗಿ ಕೂತ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಬಂದದ್ದು ಆ ಎರಡನೆಯ ಆಟದಿಂದ. ಹೋದದ್ದು ವಾಪಸ್ ಬಂದರೆ ಎದ್ದುಬಿಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ವಾಪಸ್ ಬಂದ ಮೇಲೂ ಏಳುವುದು ಸುಲಭ ಇಲ್ಲ.

ಯಾವ ಆಟಕ್ಕೆ ಈ ಲೆಕ್ಕ ಇಲ್ಲ

ಇಲ್ಲಿ ಹೇಳಿದ್ದು ಪೋಕರ್, ರಮ್ಮಿ ತರಹ ಆಡುವವನ ನಿರ್ಧಾರಕ್ಕೆ ಬೆಲೆ ಇರುವ ಆಟಗಳಿಗೆ. ಉಲಾಯಿ-ಪಿದಾಯಿಯಲ್ಲಿ (ಅಂದರ್-ಬಾಹರ್) ನೀವು ನಿರ್ಧರಿಸುವುದು ಬದಿ ಒಂದೇ. ಮೊದಲ ಎಲೆ ಬೀಳುವ ಬದಿಗೆ ನೂರಕ್ಕೆ 51.5, ಇನ್ನೊಂದಕ್ಕೆ 48.5, ಅಷ್ಟರಲ್ಲಿ ಎಲ್ಲ ಮುಗಿಯಿತು. ಅಲ್ಲಿ ಯಾವಾಗ ನಿಲ್ಲಿಸಬೇಕು ಅಂತ ಕೇಳಿದರೆ ಕೂರುವ ಮೊದಲೇ ಅನ್ನುತ್ತೇನೆ. ಪೊಲೀಸ್ ರೈಡ್ ಆದ ಸುದ್ದಿ ನೀವೂ ಓದಿರುತ್ತೀರಿ. ಮತ್ಸ್ಯಗಂಧ ರೈಲು ಹತ್ತಿ ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ಪೋಕರ್ ಆಡುವವರು ಒಂದು ವಿಷಯ ನೆನಪಿಡಿ: ಅಲ್ಲಿ ಪಾಟ್‌ನಿಂದ, ಅಂದರೆ ಎಲ್ಲರೂ ಕಟ್ಟಿದ ಪಣದ ರಾಶಿಯಿಂದ, ಒಂದು ಪಾಲು ಕ್ಯಾಸಿನೊಗೆ ಹೋಗುತ್ತದೆ, ಜೊತೆಗೆ ರಾತ್ರಿಯೋ ಹಗಲೋ ಅಂತ ಗೊತ್ತಾಗುವುದಿಲ್ಲ. ಕೈಗೆ ವಾಚ್ ಕಟ್ಟಿಕೊಳ್ಳಿ, ಅಲಾರಾಂ ಇಡಿ, ಎಟಿಎಂ ಕಾರ್ಡನ್ನು ರೂಮಿನಲ್ಲೇ ಬಿಟ್ಟು ಹೋಗಿ.

ಫೋನಿನಲ್ಲಿ ದುಡ್ಡಿಗೆ ಆಡುವುದು ಈಗ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಕೌಶಲದ ಆಟ, ಅದೃಷ್ಟದ ಆಟ ಅಂತ ಭೇದ ಮಾಡಿಲ್ಲ. ಕಾನೂನು ಬದಿಗಿಟ್ಟು ನೋಡಿದರೂ, ಫೋನಿನಲ್ಲಿ ಐಸ್ ಮುಗಿಯುವುದಿಲ್ಲ. ಅಲ್ಲಿ ಯಾರೂ ಆಕಳಿಸುವುದಿಲ್ಲ, ಯಾರ ಮನೆಯಿಂದಲೂ ಫೋನ್ ಬರುವುದಿಲ್ಲ, ಮೂರು ಗಂಟೆಗೂ ಮೇಜು ತುಂಬಿರುತ್ತದೆ.

ಒಂದು ಪುಸ್ತಕ ಇಡಿ. ತಾರೀಕು, ಎಷ್ಟು ಗಂಟೆ ಆಡಿದಿರಿ, ಎಷ್ಟು ಬಂತು ಅಥವಾ ಹೋಯಿತು, ಯಾಕೆ ಎದ್ದಿರಿ. ಈ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಸಮಯ ಆಯಿತು, ದುಡ್ಡು ಮುಗಿಯಿತು, ಸಿಟ್ಟು ಬಂತು, ಹೀಗೆ ಎರಡೇ ಶಬ್ದ ಸಾಕು. ಮನೆಗೆ ಬಂದ ರಾತ್ರಿಯೇ ಬರೆಯಿರಿ. ಬೆಳಿಗ್ಗೆ ಬರೆದರೆ ಸಂಖ್ಯೆ ಸ್ವಲ್ಪ ಚಂದ ಆಗಿಬಿಡುತ್ತದೆ. ಆರು ತಿಂಗಳಾದ ಮೇಲೆ ತಿರುವಿ ನೋಡಿ. ನನ್ನ ಪುಸ್ತಕದಲ್ಲಿ ದೊಡ್ಡ ನಷ್ಟದ ರಾತ್ರಿಗಳೆಲ್ಲ ಒಂದು ಗಂಟೆ ಹೊಡೆದ ಮೇಲೂ ಕೂತ ರಾತ್ರಿಗಳೇ. 12:30 ಅನ್ನುವ ಮಿತಿ ನನಗೆ ಸಿಕ್ಕಿದ್ದು ಹಾಗೆ.

ಆ ಪುಸ್ತಕದಲ್ಲಿ ಬರೆಯಲು ನಾಚಿಕೆ ಆಗುವಂಥ ಸಂಖ್ಯೆ ಬಂದರೆ, ಮನೆಯಲ್ಲಿ ಸುಳ್ಳು ಹೇಳಬೇಕಾಗಿ ಬಂದರೆ, ಸಾಲ ಮಾಡಿ ಆಡಿದರೆ, ಮಿತಿ ಹಾಕಿಕೊಂಡು ಮೂರು ಸಲವೂ ಮೀರಿದರೆ, ಈ ಲೇಖನದ ಯಾವ ಉಪಾಯವೂ ಅದಕ್ಕೆ ಸಾಲುವುದಿಲ್ಲ. ಜೂಜಿನ ಚಟವನ್ನು ವೈದ್ಯರು ಕಾಯಿಲೆ ಅಂತಲೇ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಉಂಟು. ಆಟ ಪೂರ್ತಿ ನಿಲ್ಲಿಸಿ, ಮನೆಯವರಲ್ಲಿ ಒಬ್ಬರಿಗೆ ನಿಜವಾದ ಮೊತ್ತ ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಗೂ ಎತ್ತುತ್ತಾರೆ.